ಕಿಟಕಿ ತೋಟ: ಮೊದಲ ಬೀಜ ಯಾವುದು, ಮೊದಲ ಮಣ್ಣು ಯಾವುದು?

ಚೌತಿ ಮುಗಿದು ಮಳೆಯ ಜೋರು ತಗ್ಗುತ್ತಿದ್ದಂತೆ ನನಗೆ ಬರುವ ಪತ್ರಗಳೂ ಬದಲಾಗುತ್ತವೆ. ಮಳೆಗಾಲವಿಡೀ ಹುಳ, ಬೂಷ್ಟು, ಬೇರು ಕೊಳೆತದ್ದು, ಇವೇ ದೂರು. ಈಗ ಬೀಜದ ಮಾತು, ಮಣ್ಣಿನ ಮಾತು. ಈ ಸಲ ಬರೆದವರಲ್ಲಿ ಹೆಚ್ಚಿನವರು ಮೊದಲ ಬಾರಿಗೆ ಕುಂಡಕ್ಕೆ ಕೈ ಹಾಕುವವರು. ಹಾಗಾಗಿ ಮುಲುಂಡಿನ ನನ್ನ ಟೆರೇಸಿನಲ್ಲಿ ಕಂಡದ್ದನ್ನೂ, ಕಾರ್ಕಳದ ಹಿತ್ತಿಲಲ್ಲಿ ಅಮ್ಮನಿಂದ ಕಲಿತದ್ದನ್ನೂ ಸೇರಿಸಿ ಸ್ವಲ್ಪ ವಿವರವಾಗಿಯೇ ಉತ್ತರಿಸುತ್ತೇನೆ.

ಡೊಂಬಿವಲಿಯಿಂದ ಒಬ್ಬ ಗೃಹಿಣಿ: ನಮ್ಮದು ಮೂರನೇ ಮಹಡಿ. ಪೂರ್ವಕ್ಕೆ ಗ್ರಿಲ್ ಇದೆ, ಬೆಳಿಗ್ಗೆ ಹತ್ತೂವರೆ ತನಕ ಬಿಸಿಲು. ಟೊಮೆಟೊ, ಮೆಣಸಿನಕಾಯಿ ಬೆಳೆಯುವ ಆಸೆ. ಅಂಗಡಿಯಲ್ಲಿ ಒಂದು ಪ್ಯಾಕೆಟಿನ ಮೇಲೆ ದೇಸಿ, ಇನ್ನೊಂದರ ಮೇಲೆ ಎಫ್1 ಹೈಬ್ರಿಡ್ ಎಂದಿದೆ. ಮೊದಲ ಸಲಕ್ಕೆ ಯಾವುದು ಒಳ್ಳೆಯದು?

ಅಕ್ಕ, ಬೀಜದ ಅಂಗಡಿಗೆ ಹೋಗುವ ಮೊದಲು ನಿಮ್ಮ ಬಿಸಿಲನ್ನು ಲೆಕ್ಕ ಹಾಕಿಬಿಡೋಣ. ಏಳು ಗಂಟೆಯಿಂದ ಹತ್ತೂವರೆ ಅಂದರೆ ಮೂರೂವರೆ ತಾಸು. ಟೊಮೆಟೊಗೆ ಆರು ತಾಸಾದರೂ ನೇರ ಬಿಸಿಲು ಬೇಕು. ಅಷ್ಟಿಲ್ಲದಿದ್ದರೆ ಗಿಡ ಎತ್ತರಕ್ಕೆ ಸಣಕಲಾಗಿ ಬೆಳೆದು, ಹೂ ಬಿಟ್ಟು, ಆ ಹೂವನ್ನು ಉದುರಿಸುತ್ತದೆ. ಯಾವ ಕಂಪನಿಯ ಬೀಜವೂ ಇದನ್ನು ಸರಿಮಾಡದು. ಮೆಣಸು ನಾಲ್ಕೈದು ತಾಸಿನಲ್ಲಿ ಹೇಗೋ ಹೊಂದಿಕೊಳ್ಳುತ್ತದೆ, ಕಾಯಿ ಮಾತ್ರ ಕಡಿಮೆ. ನಿಮ್ಮ ಜಾಗಕ್ಕೆ ಒಪ್ಪುವುದು ಹರಿವೆ, ಮೆಂತೆ, ಪಾಲಕ್, ಬಸಳೆ. ಗ್ರಿಲ್ಲಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊತ್ತು ಬಿಸಿಲು ಬೀಳುವ ಮೂಲೆಯಲ್ಲಿ ಒಂದು ಮೆಣಸಿನ ಗಿಡ ಇಡಿ.

ಇನ್ನು ಪ್ಯಾಕೆಟಿನ ಮಾತು. ಎಫ್1 ಎಂದರೆ ಎರಡು ಬೇರೆ ಬೇರೆ ಶುದ್ಧ ಸಾಲುಗಳನ್ನು ಬೇಕೆಂದೇ ಕೂಡಿಸಿ ಪಡೆದ ಮೊದಲ ಪೀಳಿಗೆ. ಗಿಡಗಳು ಒಂದೇ ಸಮ ಬರುತ್ತವೆ, ಫಸಲು ಜಾಸ್ತಿ, ಕೆಲವಕ್ಕೆ ರೋಗ ತಡೆಯುವ ಶಕ್ತಿಯೂ ಇರುತ್ತದೆ. ಆದರೆ ಅದರ ಹಣ್ಣಿನಿಂದ ಬೀಜ ತೆಗೆದು ಮತ್ತೆ ಬಿತ್ತಿದರೆ ತಾಯಿಯ ಗುಣ ಒಡೆದು, ಒಂದೊಂದು ಗಿಡ ಒಂದೊಂದು ಥರ ಆಗುತ್ತದೆ. ದೇಸಿ ಅಥವಾ ನಾಟಿ ಎಂದು ಮಾರುವುದು ಸಾಮಾನ್ಯವಾಗಿ ಬೀಜ ಉಳಿಸಿಕೊಳ್ಳಬಹುದಾದ ತಳಿ. ಸರಕಾರಿ ಸಂಸ್ಥೆಗಳು ಬಿಡುಗಡೆ ಮಾಡಿದ ಸುಧಾರಿತ ತಳಿಗಳಲ್ಲೂ ಅಂಥವು ಬೇಕಾದಷ್ಟಿವೆ. ಟೊಮೆಟೊದಲ್ಲಿ ಪೂಸಾ ರೂಬಿ, ಅರ್ಕಾ ವಿಕಾಸ್ ಆ ಸಾಲಿನವು. ಅರ್ಕಾ ರಕ್ಷಕ್ ಎಫ್1. ಅರ್ಕಾ ಎಂದು ಶುರುವಾಗುವ ಹೆಸರುಗಳೆಲ್ಲ ನಮ್ಮ ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವು.

ಸೊಪ್ಪಿಗೆ ಹೈಬ್ರಿಡ್ ಹುಡುಕುವ ಅಗತ್ಯವೇ ಇಲ್ಲ. ಅಡುಗೆಮನೆಯ ಡಬ್ಬಿಯ ಮೆಂತೆ, ಧನಿಯಾ ಸಾಕು. ಧನಿಯಾವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಿ. ಮೆಣಸಿಗೆ ನನ್ನ ಆಯ್ಕೆ ನಾಟಿ ತಳಿಯೇ. ಊರಿಗೆ ಹೋದಾಗ ಮನೆಯವರು ಹಿತ್ತಿಲಲ್ಲಿ ಬೆಳೆದ ಒಣಮೆಣಸು ನಾಲ್ಕು ತಂದುಕೊಳ್ಳಿ, ಬೀಜ ಅದರೊಳಗೇ ಇದೆ. ಮೊದಲ ವರ್ಷ ನೂರು ಬೀಜದ ಹೈಬ್ರಿಡ್ ಪ್ಯಾಕೆಟಿಗೆ ದುಡ್ಡು ಕೊಟ್ಟು ಐದು ಬೀಜ ಹಾಕುವುದು ನನಗೆ ಸಮ್ಮತವಿಲ್ಲ.

ಪ್ಯಾಕೆಟ್ ಕೊಳ್ಳುವುದೇ ಆದರೆ ಮುಂದಿನ ಚಿತ್ರ ಬಿಟ್ಟು ಹಿಂಬದಿ ತಿರುಗಿಸಿ ಓದಿ. ಪರೀಕ್ಷೆ ಮಾಡಿದ ದಿನಾಂಕ, ಎಂದಿನವರೆಗೆ ಬಳಸಬಹುದು, ಮೊಳಕೆ ಪ್ರಮಾಣ ಎಷ್ಟು, ಇವು ಇರಲೇಬೇಕು. ಪ್ರಮಾಣೀಕೃತ ಬೀಜಕ್ಕೆ ಟೊಮೆಟೊದಲ್ಲಿ ಕನಿಷ್ಠ ಶೇಕಡಾ 70, ಮೆಣಸಿನಲ್ಲಿ 60 ಮೊಳಕೆ ನಿಗದಿಯಾಗಿದೆ. ಅಂದರೆ ಒಳ್ಳೆಯ ಪ್ಯಾಕೆಟಿನಲ್ಲೂ ಹತ್ತು ಮೆಣಸಿನ ಬೀಜದಲ್ಲಿ ನಾಲ್ಕು ಏಳದೇ ಇರಬಹುದು. ಅದಕ್ಕೆ ಬೇಸರ ಬೇಡ. ಬೀಜ ಗುಲಾಬಿ, ಕೆಂಪು ಅಥವಾ ನೀಲಿ ಬಣ್ಣದ್ದಾಗಿದ್ದರೆ ಔಷಧಿ ಹಚ್ಚಿದ್ದು ಎಂದರ್ಥ. ಮಕ್ಕಳ ಕೈಗೆ ಸಿಗದಂತೆ ಇಡಿ, ಬಿತ್ತಿದ ಮೇಲೆ ಸಾಬೂನು ಹಾಕಿ ಕೈ ತೊಳೆಯಿರಿ.

ಹಳೆಯ ಬೀಜದ ಮೇಲೆ ಅನುಮಾನವೇ? ಹತ್ತು ಬೀಜ ಒದ್ದೆ ಬಟ್ಟೆಯಲ್ಲಿ ಮಡಚಿ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಡಿ. ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸಿ. ಮೆಂತೆ ಮೂರನೇ ದಿನ ಬಿಳಿ ಮೂತಿ ತೋರಿಸುತ್ತದೆ. ಮೆಣಸಿಗೆ ಹತ್ತು ಹನ್ನೆರಡು ದಿನ ತಾಳ್ಮೆ ಬೇಕು. ಐದಕ್ಕಿಂತ ಕಡಿಮೆ ಮೊಳೆತರೆ ಆ ಬೀಜ ಬಿಡಿ.

ಕುರ್ಲಾದಿಂದ ನಿವೃತ್ತರೊಬ್ಬರು: ನಮ್ಮ ಕಟ್ಟಡ ಹಳೆಯದು. ಸೊಸೈಟಿಯವರು ಗ್ರಿಲ್ಲಿನಲ್ಲಿ ಕುಂಡ ಇಡಬೇಡಿ, ಭಾರ ಎನ್ನುತ್ತಾರೆ. ನಾಲ್ಕು ಕುಂಡಕ್ಕೆ ಎಂಥ ಭಾರ?

ಅವರ ಮಾತು ನ್ಯಾಯವಾದದ್ದೇ, ಯಜಮಾನರೇ. ಇಪ್ಪತ್ತು ಲೀಟರಿನ ಕುಂಡಕ್ಕೆ ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ ಮೂವತ್ತು ಕಿಲೋ ದಾಟುತ್ತದೆ. ನಾಲ್ಕು ಕುಂಡಕ್ಕೆ ಇಬ್ಬರು ಆಳುಗಳ ತೂಕ, ಅದೂ ಗೋಡೆಗೆ ಬೋಲ್ಟ್ ಮಾಡಿದ, ಮಳೆಗೆ ತುಕ್ಕು ಹಿಡಿದ ಕಬ್ಬಿಣದ ಮೇಲೆ. ಕೆಳಗೆ ಜನ ಓಡಾಡುತ್ತಾರೆ. ಗ್ರಿಲ್ಲಿನಲ್ಲಿ ಆರಿಂಚು ಆಳದ ಟ್ರೇ ಮಾತ್ರ ಇಡಿ, ಕೋಕೋಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ, ಹೆಚ್ಚಿರುವ ಹಗುರ ಮಿಶ್ರಣ ತುಂಬಿ, ಸೊಪ್ಪು ಬೆಳೆಯಿರಿ. ದೊಡ್ಡ ಕುಂಡ ಇಡಲೇಬೇಕಿದ್ದರೆ ಮನೆಯೊಳಗಿನ ನೆಲದ ಮೇಲೆ, ಕಿಟಕಿಯ ಗೋಡೆಗೆ ತಾಗಿಸಿ ಇಡಿ.

ಪುಣೆಯ ವಾಕಡ್‌ನಿಂದ ಒಬ್ಬ ಯುವಕ: ಊರು ಹುಬ್ಬಳ್ಳಿ ಕಡೆ, ಕೆಲಸ ಹಿಂಜವಡಿಯಲ್ಲಿ. ಒಂದೇ ಒಂದು ಗಾಂಜಾ ಗಿಡ ಮನೆಯಲ್ಲಿ ಬೆಳೆಸಿದರೆ ತಪ್ಪಿಲ್ಲ, ಹೆಂಪ್ ಬೀಜ ಈಗ ಅಂಗಡಿಯಲ್ಲೇ ಸಿಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಆನ್‌ಲೈನಿನಲ್ಲಿ ನೋಡಿದರೆ ರೆಗ್ಯುಲರ್, ಫೆಮಿನೈಸ್ಡ್, ಆಟೋಫ್ಲವರ್ ಎಂದು ಮೂರು ಬಗೆ. ನಮ್ಮ ತಂದೆಗೆ ಮಂಡಿನೋವು, ಎಣ್ಣೆ ಮಾಡಿಕೊಡಬೇಕೆಂದಿದ್ದೇನೆ. ಮೊದಲ ಸಲಕ್ಕೆ ಯಾವ ಬೀಜ, ಯಾವ ಮಣ್ಣು?

ತಮ್ಮಾ, ಮುಚ್ಚುಮರೆಯಿಲ್ಲದೆ ಕೇಳಿದ್ದೀರಿ, ಒಳ್ಳೆಯದಾಯಿತು. ನಾನೂ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಈ ಗಿಡ ಬೆಳೆಸಬೇಡಿ. ಬೆಳೆಸುವ ವಿಧಾನವನ್ನು ನಾನು ಈ ಅಂಕಣದಲ್ಲಿ ಬರೆಯುವುದೂ ಇಲ್ಲ.

ಗೆಳೆಯರ ಮಾತು ಅರ್ಧ ನಿಜ, ಅದಕ್ಕೇ ಅಪಾಯ. 1985ರ ಮಾದಕ ವಸ್ತುಗಳ ಕಾಯ್ದೆ, ಅಂದರೆ ಎಲ್ಲರೂ ಹೇಳುವ ಎನ್‌ಡಿಪಿಎಸ್ ಕಾಯ್ದೆ, ಗಾಂಜಾದ ವ್ಯಾಖ್ಯೆಯಲ್ಲಿ ಬೀಜವನ್ನೂ ಎಲೆಯನ್ನೂ ಹೂವಿನ ತುದಿಯಿಂದ ಬೇರೆ ಮಾಡಿ ನೋಡುತ್ತದೆ. ಹಾಗಾಗಿ ಬೀಜ ಸಿಗುತ್ತದೆ. ಹೆಂಪ್ ಬೀಜ, ಅದರ ಎಣ್ಣೆ, ಹಿಟ್ಟನ್ನು ಆಹಾರವಾಗಿ ಮಾರಲು ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲಿ ಒಪ್ಪಿಗೆ ಕೊಟ್ಟದ್ದೂ ಹೌದು. ಆದರೆ ಅದೇ ಕಾಯ್ದೆ ಗಿಡದ ಬಗ್ಗೆ ಬೇರೆಯೇ ಮಾತು ಹೇಳುತ್ತದೆ. ಕ್ಯಾನಬಿಸ್, ಅಂದರೆ ಗಾಂಜಾ ಕುಲದ ಯಾವ ಗಿಡವಾದರೂ ಅದು ಕ್ಯಾನಬಿಸ್ ಗಿಡವೇ. ಅಮಲು ಕಡಿಮೆಯ ಹೆಂಪ್ ಆದರೂ, ಗಂಡಾದರೂ, ಇನ್ನೂ ಹೂ ಬಿಡದ ಸಸಿಯಾದರೂ ಸರಿ. ಪರವಾನಗಿ ಇಲ್ಲದೆ ಅದನ್ನು ಬೆಳೆಸುವುದನ್ನು 8ನೇ ಕಲಮು ನಿಷೇಧಿಸುತ್ತದೆ. 20ನೇ ಕಲಮಿನಲ್ಲಿ ಅದಕ್ಕೆ ಹತ್ತು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಒಂದು ಗಿಡಕ್ಕೆ ವಿನಾಯಿತಿ ಎಂಬ ಸಾಲು ಅದರಲ್ಲಿ ಎಲ್ಲಿಯೂ ಇಲ್ಲ. ಉತ್ತರಾಖಂಡದಲ್ಲಿ ಹೆಂಪ್ ಬೆಳೆಯುವ ರೈತರು ಸರಕಾರದ ಪರವಾನಗಿ ಪಡೆದು, ಅಮಲಿನ ಅಂಶ ಶೇಕಡಾ 0.3 ಮೀರದ ತಳಿ ಬೆಳೆಯುತ್ತಾರೆ. ಅದು ಹೊಲದ ವ್ಯವಹಾರ, ಬಾಡಿಗೆ ಫ್ಲಾಟಿನದಲ್ಲ.

ಫ್ಲಾಟ್ ಎಂದಾಗ ಇನ್ನೊಂದು. ತನ್ನ ಮನೆ ಇಂಥ ಅಪರಾಧಕ್ಕೆ ಬಳಕೆಯಾಗಲು ಗೊತ್ತಿದ್ದೂ ಬಿಟ್ಟವರಿಗೂ ಅದೇ ಶಿಕ್ಷೆ ಎಂದು 25ನೇ ಕಲಮು ಹೇಳುತ್ತದೆ. ನಿಮ್ಮ ಜೊತೆ ಬಾಡಿಗೆ ಹಂಚಿಕೊಂಡಿರುವ ಹುಡುಗರನ್ನೂ, ಮನೆ ಕೊಟ್ಟವರನ್ನೂ ಇದಕ್ಕೆ ಎಳೆಯಬೇಡಿ. ಪಾಸ್‌ಪೋರ್ಟು, ವೀಸಾ, ಕಂಪನಿಯ ಪೊಲೀಸ್ ವೆರಿಫಿಕೇಶನ್ ಎಂದು ಓಡಾಡುವ ವಯಸ್ಸು ನಿಮ್ಮದು. ಗೋವಾಕ್ಕೆ ಹೋಗಿ ಬಂದವರು ಅಲ್ಲಿ ನಡೆಯುತ್ತದೆ ಎನ್ನುವುದುಂಟು. ಅಲ್ಲಿಗೂ ಇದೇ ಕಾಯ್ದೆ.

ತಂದೆಯವರ ಮಂಡಿನೋವಿಗೆ ಮನೆಯಲ್ಲಿ ತೆಗೆದ ಎಣ್ಣೆ ಕೊಡುವುದು ನನಗೆ ಇನ್ನೂ ಹೆಚ್ಚಿನ ಆತಂಕ. ಅದರಲ್ಲಿ ಎಷ್ಟು ಅಮಲಿದೆ ಎಂದು ಅಳೆಯುವ ದಾರಿಯೇ ಮನೆಯಲ್ಲಿಲ್ಲ. ವಯಸ್ಸಾದವರಿಗೆ ತಲೆಸುತ್ತು ಬಂದು ಬಚ್ಚಲಲ್ಲಿ ಬಿದ್ದರೆ ಮಂಡಿಯ ಜೊತೆಗೆ ಸೊಂಟವೂ ಹೋಗುತ್ತದೆ. ಅವರು ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಇದು ಅವುಗಳೊಂದಿಗೆ ತಿಕ್ಕಾಡಬಹುದು. ಆಯುರ್ವೇದದಲ್ಲಿ ವಿಜಯಾ ಎಂಬ ಹೆಸರಿನಲ್ಲಿ ಭಂಗಿ ಎಲೆ ಸೇರಿದ ಔಷಧಿಗಳು ಲೈಸೆನ್ಸ್ ಇರುವ ತಯಾರಕರಿಂದ ಬರುತ್ತವೆ. ಅವೂ ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕಾದ ಪಟ್ಟಿಯಲ್ಲಿವೆ. ಮೊದಲು ಮೂಳೆ ಡಾಕ್ಟರರಿಗೆ ತೋರಿಸಿ. ಆಮೇಲೂ ಆ ದಾರಿ ಬೇಕೆನಿಸಿದರೆ ನೋಂದಾಯಿತ ಆಯುರ್ವೇದ ವೈದ್ಯರನ್ನು ಕೇಳಿ, ಈಗಿನ ಮಾತ್ರೆಗಳ ಚೀಟಿ ಅವರ ಮುಂದಿಡಿ.

ಈಗ ನಿಮ್ಮ ಪ್ರಶ್ನೆಯಲ್ಲಿ ನನಗೆ ಇಷ್ಟವಾದ ಭಾಗಕ್ಕೆ ಬರುತ್ತೇನೆ. ಆ ಮೂರು ಬಗೆಯ ಬೀಜದ ಹೆಸರುಗಳ ಹಿಂದೆ ಎರಡು ವಿಷಯಗಳಿವೆ. ಗಿಡದಲ್ಲಿ ಗಂಡು ಹೆಣ್ಣು ಬೇರೆ ಬೇರೆ ಇರುವುದು ಒಂದು. ಗಿಡ ರಾತ್ರಿಯ ಉದ್ದ ನೋಡಿ ಹೂ ಬಿಡುವುದು ಇನ್ನೊಂದು. ರೆಗ್ಯುಲರ್ ಎಂದರೆ ಎರಡೂ ಲಿಂಗದ ಗಿಡ ಬರುವ ಬೀಜ, ಫೆಮಿನೈಸ್ಡ್ ಎಂದರೆ ಹೆಣ್ಣೇ ಬರುವಂತೆ ಮಾಡಿದ್ದು, ಆಟೋಫ್ಲವರ್ ಎಂದರೆ ಹಗಲಿನ ಉದ್ದದ ಹಂಗಿಲ್ಲದೆ ಇಷ್ಟು ವಾರಕ್ಕೆಂದು ಹೂ ಬಿಡುವುದು. ಈ ಎರಡು ಗುಣಗಳನ್ನು ಕಣ್ಣಾರೆ ಕಂಡು ಕಲಿಯಬೇಕೆಂದರೆ ನಮ್ಮ ತಿನ್ನುವ ಬೆಳೆಗಳಲ್ಲೇ ಅವು ಇವೆ.

ಗಂಡು ಹೆಣ್ಣಿನ ವಿಷಯಕ್ಕೆ ತೊಂಡೆ ನೋಡಿ. ಬೀಜದಿಂದ ಬಂದ ತೊಂಡೆಬಳ್ಳಿ ಗಂಡಾಗಿಬಿಟ್ಟರೆ ಚಪ್ಪರ ತುಂಬ ಬಿಳಿ ಹೂ, ಒಂದು ಕಾಯಿ ಇಲ್ಲ. ಹೆಣ್ಣು ಹೂವಾದರೆ ದಳದ ಕೆಳಗೆ ಮೊಗ್ಗಿನಲ್ಲೇ ಪುಟ್ಟ ತೊಂಡೆಕಾಯಿ ಕಾಣುತ್ತದೆ, ಬೆರಳ ತುದಿಯಷ್ಟು, ಗೆರೆಗಳ ಸಮೇತ. ಅದಕ್ಕೇ ನಮ್ಮ ಕಡೆ ಯಾರೂ ತೊಂಡೆ ಬೀಜ ಹಾಕುವುದಿಲ್ಲ. ಕಾಯಿ ಬಿಟ್ಟ ಬಳ್ಳಿಯಿಂದ ಪೆನ್ಸಿಲ್ ದಪ್ಪದ ತುಂಡು ಕತ್ತರಿಸಿ ನೆಡುತ್ತಾರೆ. ಪಪ್ಪಾಯಿಯದೂ ಇದೇ ಕಥೆ. ಹಳೆಯ ತಳಿಗಳಲ್ಲಿ ಸುಮಾರು ಅರ್ಧದಷ್ಟು ಗಂಡು ಗಿಡ. ಕೂರ್ಗ್ ಹನಿ ಡ್ಯೂ, ತೈವಾನಿನ ರೆಡ್ ಲೇಡಿಯಂಥ ತಳಿಗಳಲ್ಲಿ ಬರೀ ಗಂಡು ಎಂಬ ಗಿಡವೇ ಬರುವುದಿಲ್ಲ, ಬರುವುದು ಹೆಣ್ಣು ಇಲ್ಲವೇ ದ್ವಿಲಿಂಗಿ. ರೈತ ಆ ಬೀಜಕ್ಕೆ ಅಷ್ಟು ಬೆಲೆ ಕೊಡುವುದು ಇದಕ್ಕೇ.

ರಾತ್ರಿಯ ಉದ್ದದ ವಿಷಯಕ್ಕೆ ಅವರೆಗಿಂತ ಒಳ್ಳೆಯ ಗುರು ಇಲ್ಲ. ನೀವು ಹುಬ್ಬಳ್ಳಿಯವರು, ಅವರೆಕಾಳು ಗೊತ್ತೇ ಇದೆ. ಊರಿನ ಹಳೆಯ ಅವರೆ ಯಾವಾಗ ಬಿತ್ತಿದರೂ ಹಗಲು ಚಿಕ್ಕದಾಗುವ ತನಕ ಹೂ ಕಟ್ಟುವುದಿಲ್ಲ. ಪುಣೆ, ಮುಂಬಯಿಯ ಕಡೆ ಜೂನ್ ಕೊನೆಗೆ ಹಗಲು ಹದಿಮೂರು ತಾಸಿಗೂ ಸ್ವಲ್ಪ ಹೆಚ್ಚು, ಡಿಸೆಂಬರ್ ಕೊನೆಗೆ ಹನ್ನೊಂದು ತಾಸಿನ ಆಸುಪಾಸು. ಎರಡು ತಾಸಿನ ಈ ವ್ಯತ್ಯಾಸವನ್ನು ಗಿಡ ಎಲೆಯಲ್ಲೇ ಅಳೆಯುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಈ ಹಂಗು ತಪ್ಪಿಸಿ ಹೆಬ್ಬಾಳ ಅವರೆ ತಳಿಗಳನ್ನು ಮಾಡಿದರು. ಎಚ್‌ಎ 3, ಎಚ್‌ಎ 4 ಎಂದು ಕೇಳಿ ತೆಗೆದುಕೊಳ್ಳಿ. ಗಿಡ್ಡ ಗಿಡ, ವರ್ಷದ ಯಾವ ಕಾಲದಲ್ಲಿ ಹಾಕಿದರೂ ಒಂದೂವರೆ ತಿಂಗಳ ಆಸುಪಾಸಿನಲ್ಲಿ ಹೂ. ಬೇಸಿಗೆಯಲ್ಲೂ ಅವರೆಕಾಳು ತಿನ್ನಲು ಸಿಗುತ್ತಿರುವುದು ಈ ತಳಿಗಳ ಪುಣ್ಯ. ನನ್ನ ಮಟ್ಟಿಗೆ ಕನ್ನಡನಾಡಿನ ತಳಿ ವಿಜ್ಞಾನದಲ್ಲಿ ಇದೊಂದು ದೊಡ್ಡ ಕೆಲಸ, ಅದಕ್ಕೆ ಸಿಗಬೇಕಾದಷ್ಟು ಮೆಚ್ಚುಗೆ ಸಿಕ್ಕಿಲ್ಲ.

ನಿಮ್ಮ ಬಾಲ್ಕನಿಯಲ್ಲಿ ಹೀಗೆ ಮಾಡಿ. ಈಗ ಸೆಪ್ಟೆಂಬರಿನಲ್ಲಿ ಎಚ್‌ಎ 4 ಬಿತ್ತಿ, ಸಂಕ್ರಾಂತಿಯೊಳಗೆ ಸೊಗಡಿನ ಕಾಳು ಕೈಗೆ ಬರುತ್ತದೆ. ಆಮೇಲೆ ಫೆಬ್ರವರಿ ಕೊನೆಗೆ ಒಂದೇ ದಿನ, ಒಂದೇ ಅಳತೆಯ ಎರಡು ಕುಂಡದಲ್ಲಿ, ಒಂದರಲ್ಲಿ ಎಚ್‌ಎ 4, ಇನ್ನೊಂದರಲ್ಲಿ ಊರಿನ ಬೀಜ ಹಾಕಿ. ಏಪ್ರಿಲಿನಲ್ಲಿ ಒಂದು ಹೂ ತುಂಬಿ ನಿಂತಿರುತ್ತದೆ, ಇನ್ನೊಂದು ನಿಮ್ಮ ಬಟ್ಟೆ ಒಣಹಾಕುವ ಹಗ್ಗವನ್ನು ಹತ್ತುತ್ತಾ ಎಲೆ ಮಾತ್ರ ಬಿಡುತ್ತಿರುತ್ತದೆ. ಬಾಲ್ಕನಿಯ ದೀಪ ರಾತ್ರಿಯಿಡೀ ಉರಿಯುತ್ತಿದ್ದರೆ ಆರಿಸಿ, ಬೀದಿದೀಪ ನೇರ ಬೀಳುವ ಮೂಲೆಯೂ ಬೇಡ. ಬೆಳಕು ಬಿದ್ದರೆ ಗಿಡಕ್ಕೆ ರಾತ್ರಿ ತುಂಡಾಗಿ, ಹಳೆಯ ಅವರೆಗೆ ಹೂ ತಡವಾಗುತ್ತದೆ.

ಮಣ್ಣು ಕೇಳಿದಿರಿ. ಅವರೆಗೆ ಹನ್ನೆರಡಿಂಚಿನ ಕುಂಡ ಸಾಕು. ನರ್ಸರಿಯಲ್ಲಿ ಸಿಗುವ ಕೆಂಪು ಮಣ್ಣು ಒಂದು ಪಾಲು, ತೊಳೆದ ಕೋಕೋಪೀಟ್ ಒಂದು ಪಾಲು, ಎರೆಗೊಬ್ಬರ ಒಂದು ಪಾಲು, ಮೇಲೆ ಒಂದು ಹಿಡಿ ಬೇವಿನ ಹಿಂಡಿ. ಯೂರಿಯಾದ ಗೋಜಿಗೆ ಹೋಗಬೇಡಿ. ಅವರೆಯ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ತಾನೇ ಹಿಡಿದುಕೊಡುತ್ತದೆ. ಮೇಲಿನಿಂದ ಸಾರಜನಕ ಹೆಚ್ಚಾದರೆ ಎಲೆ ಸೊಂಪು, ಕಾಯಿ ಕಡಿಮೆ. ಕೊಯ್ಲು ಮುಗಿದ ಮೇಲೆ ಗಿಡ ಮೆಲ್ಲಗೆ ಕಿತ್ತು ಬೇರು ತೊಳೆದು ನೋಡಿ. ಒಂದು ಗಂಟನ್ನು ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ ಕಂಡರೆ ಅದು ಕೆಲಸ ಮಾಡುತ್ತಿದ್ದ ಗಂಟು.

ಚಿಂಚವಡದಿಂದ ಒಬ್ಬ ಓದುಗ: ಪಕ್ಕದಲ್ಲಿ ಕಟ್ಟಡಕ್ಕೆ ಪಾಯ ತೋಡುತ್ತಿದ್ದಾರೆ. ಕಪ್ಪು ಮಣ್ಣು ಪುಕ್ಕಟೆ ಸಿಗುತ್ತದೆ. ಕುಂಡಕ್ಕೆ ತುಂಬಬಹುದೇ?

ಬೇಡ. ಪಾಯದಿಂದ ಬರುವುದು ಮೇಲ್ಮಣ್ಣಲ್ಲ. ಅದರಲ್ಲಿ ಗೊಬ್ಬರದ ಅಂಶವೇ ಇಲ್ಲ, ಮುರುಮು, ಸಿಮೆಂಟಿನ ಚೂರು ಬೆರೆತಿರುತ್ತದೆ.

ಹೊಲದ ಒಳ್ಳೆಯ ಎರೆಮಣ್ಣು ಸಿಕ್ಕರೂ ಕುಂಡಕ್ಕೆ ಒಂದನ್ನೇ ತುಂಬುವಂತಿಲ್ಲ. ದಖ್ಖನಿನ ಕಪ್ಪುಕಲ್ಲು ಸವೆದು ಆದ ಈ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಹೊಲದಲ್ಲಿ ಆ ಬಿರುಕಿಗೆ ಜಾಗವಿದೆ. ಕುಂಡದಲ್ಲಿ ಅದು ಗೋಡೆಯಿಂದ ಬಿಟ್ಟುಕೊಂಡು ನಿಲ್ಲುತ್ತದೆ, ನೀವು ಹಾಕಿದ ನೀರೆಲ್ಲ ಅಂಚಿನಿಂದ ಜಾರಿ ತಟ್ಟೆಗೆ ಬರುತ್ತದೆ, ನಡುವಿನ ಬೇರು ಒಣಗಿಯೇ ಇರುತ್ತದೆ. ಒಂದು ಹಿಡಿ ಮಣ್ಣು ಒದ್ದೆ ಮಾಡಿ ಅಂಗೈಯಲ್ಲಿ ಹೊಸೆದು ಬತ್ತಿ ಮಾಡಿ, ಆ ಬತ್ತಿಯನ್ನು ಬಳೆಯಂತೆ ಬಗ್ಗಿಸಿ. ಮುರಿಯದೆ ಬಗ್ಗಿದರೆ ಜಿಗುಟು ಜಾಸ್ತಿ. ಅಂಥದ್ದಕ್ಕೆ ಒಂದು ಪಾಲಿಗೆ ಎರಡು ಪಾಲು ಕೋಕೋಪೀಟ್, ಒಂದು ಪಾಲು ಕಾಂಪೋಸ್ಟ್, ಸಿಕ್ಕರೆ ಭತ್ತದ ಹೊಟ್ಟು ಬೆರೆಸಿ. ಕಪ್ಪು ಮಣ್ಣಿಗೆ ನೀರನ್ನೂ ಸಾರವನ್ನೂ ಹಿಡಿದಿಡುವ ಗುಣ ಇದೆ, ಆ ಒಂದು ಪಾಲು ವ್ಯರ್ಥವಾಗುವುದಿಲ್ಲ.

ಕೋಕೋಪೀಟ್ ಇಟ್ಟಿಗೆ ತಂದವರು ನೆನೆಸಿ ಹಾಗೇ ಬಳಸುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುತ್ತದೆ, ಉಪ್ಪುನೀರಿನಲ್ಲಿ ಕೊಳೆಸಿದ ಸಿಪ್ಪೆಯದಾದರೆ ಇನ್ನೂ ಹೆಚ್ಚು. ಬಕೆಟಿನಲ್ಲಿ ನೆನೆಸಿ, ಹಳೆಯ ಪಂಚೆಯಲ್ಲಿ ಹಿಂಡಿ, ಮತ್ತೆ ನೀರು ಹಾಕಿ ಹಿಂಡಿ. ಹಿಂಡಿದ ನೀರಿನ ಕಂದು ಬಣ್ಣ ತಿಳಿಯಾಗುವ ತನಕ ಬಿಡಬೇಡಿ. ಸಸಿಯ ಎಲೆಯ ಅಂಚು ಸುಟ್ಟಂತಾಗಿದೆ ಎಂದು ಬರೆಯುವವರಿಗೆ ನಾನು ಮೊದಲು ಕೇಳುವ ಪ್ರಶ್ನೆಯೇ ಇದು.

ಗೋವಾದ ವಾಸ್ಕೋದಿಂದ ಒಬ್ಬರು: ಮನೆ ಹಿಂದೆ ಸ್ವಲ್ಪ ಜಾಗ ಇದೆ, ಕೆಂಪು ಮಣ್ಣು. ಟೊಮೆಟೊ ಗಿಡ ಚೆನ್ನಾಗಿ ಬಂದು, ಕಾಯಿ ಕಟ್ಟುವ ಹೊತ್ತಿಗೆ ಎಲೆ ಹಸಿರಾಗಿರುವಾಗಲೇ ಎರಡೇ ದಿನದಲ್ಲಿ ಬಾಡಿ ಸತ್ತವು. ನೀರು ಕಡಿಮೆಯಾಗಿರಲಿಲ್ಲ. ಏನಾಗಿದೆ?

ಓದುವಾಗಲೇ ನನಗೆ ಅನುಮಾನ ಬಂತು, ಪರೀಕ್ಷೆ ನೀವೇ ಮಾಡಿ ನೋಡಿ. ಬಾಡುತ್ತಿರುವ ಗಿಡದ ಕಾಂಡವನ್ನು ನೆಲದ ಹತ್ತಿರ ಕತ್ತರಿಸಿ ಎರಡಿಂಚಿನ ತುಂಡು ತೆಗೆದುಕೊಳ್ಳಿ. ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ತುಂಡಿನ ಕೆಳತುದಿ ಮಾತ್ರ ಮುಳುಗುವಂತೆ ಹಿಡಿದು ಅಲುಗಾಡಿಸದೆ ನಿಲ್ಲಿ. ಕೆಲವು ನಿಮಿಷಗಳಲ್ಲಿ ಕತ್ತರಿಸಿದ ಜಾಗದಿಂದ ಬಿಳಿಯ ಎಳೆಯೊಂದು ನೇರ ಕೆಳಗಿಳಿಯತೊಡಗಿದರೆ ಅದು ಬ್ಯಾಕ್ಟೀರಿಯಾದ ಸೊರಗು ರೋಗ. ರಾಲ್‌ಸ್ಟೋನಿಯಾ ಎಂಬ ಜೀವಿ ಕಾಂಡದ ನೀರಿನ ಕೊಳವೆಯಲ್ಲಿ ತುಂಬಿಕೊಂಡು ದಾರಿ ಕಟ್ಟಿಬಿಡುತ್ತದೆ, ಅದಕ್ಕೇ ಎಷ್ಟು ನೀರು ಹಾಕಿದರೂ ಎಲೆಗೆ ಮುಟ್ಟುವುದಿಲ್ಲ. ಎಳೆ ಕಾಣದೆ, ಕೆಳಗಿನ ಎಲೆ ಮೊದಲು ಹಳದಿಯಾಗಿ ನಿಧಾನಕ್ಕೆ ಬಾಡಿದ್ದರೆ ಅದು ಶಿಲೀಂಧ್ರದ ಸೊರಗು, ಬೇರೆ ಕಾಯಿಲೆ.

ಗೋವಾ, ಕೊಂಕಣ, ನಮ್ಮ ಕರಾವಳಿಯ ಮುರಕಲ್ಲಿನ ಹುಳಿ ಮಣ್ಣು, ಸೆಕೆ, ಮಳೆಗಾಲದ ಜವುಗು, ಇವು ಆ ರೋಗಕ್ಕೆ ಹೇಳಿ ಮಾಡಿಸಿದ ಜಾಗ. ಸಿಂಪಡಿಸಿ ವಾಸಿ ಮಾಡುವ ಔಷಧಿ ಇಲ್ಲ. ಯಾರಾದರೂ ಬಾಟಲಿ ಮಾರಿದರೆ ದುಡ್ಡು ಕೊಡಬೇಡಿ. ಸತ್ತ ಗಿಡವನ್ನು ಬೇರಿನ ಸಮೇತ ತೆಗೆದು ಸುಡಿ, ಕಾಂಪೋಸ್ಟಿಗೆ ಹಾಕಬೇಡಿ. ಆ ಜಾಗದಲ್ಲಿ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಕೆಲವು ವರ್ಷ ಬೇಡ, ನಾಲ್ಕೂ ಒಂದೇ ಕುಟುಂಬದವು. ಬೆಂಡೆ, ಸೌತೆ, ಹೀರೆ ಹಾಕಿ. ಅಲ್ಲಿನವರು ಪ್ರೀತಿಯಿಂದ ಬೆಳೆಯುವ ಕೆಂಪು ಹರಿವೆ, ಅಂದರೆ ತಾಂಬಡಿ ಭಾಜಿ, ಮತ್ತು ಅಲಸಂದೆ ನಿಮ್ಮ ಮಣ್ಣಿಗೆ ಹೊಂದಿಕೊಂಡವು.

ನಮ್ಮೂರಲ್ಲಿ ಒಣಗಿದ ತರಗೆಲೆಯ ಮೇಲೆ ಮಣ್ಣು ಒಟ್ಟಿ ಸುಟ್ಟು ಸುಡುಮಣ್ಣು ಮಾಡುತ್ತಿದ್ದರು. ಮಲ್ಲಿಗೆಗೂ ತರಕಾರಿ ಮಡಿಗೂ ಅಮ್ಮ ಬೇರೆ ಮಣ್ಣು ಮುಟ್ಟುತ್ತಿರಲಿಲ್ಲ. ಮನೆಗಳು ಒತ್ತೊತ್ತಾಗಿರುವಲ್ಲಿ ಹೊಗೆ ಎಬ್ಬಿಸುವಂತಿಲ್ಲ. ಅದರ ಬದಲು ಏಪ್ರಿಲ್, ಮೇ ತಿಂಗಳಲ್ಲಿ ಮಡಿಗೆ ನೀರುಣಿಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಬಿಗಿಯಾಗಿ ಹೊದಿಸಿ, ಅಂಚಿಗೆಲ್ಲ ಮಣ್ಣು ಮುಚ್ಚಿ ಐದಾರು ವಾರ ಬಿಡಿ. ಬಿಸಿಲಿಗೆ ಮೇಲಿನ ಪದರ ಕಾದು ಕಳೆಬೀಜವೂ ಅನೇಕ ರೋಗಾಣುಗಳೂ ಸಾಯುತ್ತವೆ. ಆಳದಲ್ಲಿರುವುದು ಸಾಯದು, ಅಷ್ಟು ಗೊತ್ತಿರಲಿ.

ಟೊಮೆಟೊ ಬಿಡಲಾರೆ ಎಂದರೆ ನೆಲ ಬಿಟ್ಟು ಗ್ರೋ ಬ್ಯಾಗಿಗೆ, ಅಂದರೆ ಗಿಡ ಬೆಳೆಸುವ ಚೀಲಕ್ಕೆ ಬನ್ನಿ. ಹಿತ್ತಿಲ ಮಣ್ಣು ಒಂದು ಚಮಚವೂ ಬೆರೆಸದೆ ಕೋಕೋಪೀಟ್, ಕಾಂಪೋಸ್ಟ್, ಸ್ವಲ್ಪ ಮರಳಿನಲ್ಲಿ ಬೆಳೆಸಿ, ಬ್ಯಾಗನ್ನು ಇಟ್ಟಿಗೆಯ ಮೇಲೆ ಇಡಿ, ಹಿತ್ತಿಲಲ್ಲಿ ಬಳಸಿದ ಕರಣೆ ಅದಕ್ಕೆ ಮುಟ್ಟಿಸಬೇಡಿ. ನಾನು ಡೊಂಬಿವಲಿಯವರಿಗೆ ಹೈಬ್ರಿಡ್ ಬೇಡ ಎಂದೆ, ನಿಮಗೆ ಬೇಕು ಎನ್ನುತ್ತೇನೆ. ಅರ್ಕಾ ರಕ್ಷಕ್ ಈ ಸೊರಗು ರೋಗವನ್ನೂ, ಎಲೆ ಮುಟುರು ನಂಜನ್ನೂ, ಮುಂಚಿನ ಅಂಗಮಾರಿಯನ್ನೂ (ಅರ್ಲಿ ಬ್ಲೈಟ್) ತಡೆಯುವಂತೆ ಮಾಡಿದ ತಳಿ. ನಿಮ್ಮ ಮಣ್ಣಿಗೆ ಆ ಶಕ್ತಿ ದುಡ್ಡು ಕೊಟ್ಟು ಕೊಳ್ಳಬೇಕಾದದ್ದೇ. ಹಳೆ ಗೋವಾದ ಏಲಾದಲ್ಲಿ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ವಾಸ್ಕೋದಿಂದ ಅರ್ಧ ದಿನದ ಕೆಲಸ. ಮಡಿಯ ನಾಲ್ಕು ಮೂಲೆ, ನಡುವಿನಿಂದ ಸ್ವಲ್ಪ ಸ್ವಲ್ಪ ಮಣ್ಣು ತೆಗೆದು, ಬೆರೆಸಿ, ನೆರಳಲ್ಲಿ ಒಣಗಿಸಿ ಅರ್ಧ ಕಿಲೋ ಕೊಂಡೊಯ್ದು ಹುಳಿ ಎಷ್ಟಿದೆ, ಸುಣ್ಣ ಎಷ್ಟು ಹಾಕಬೇಕು ಎಂದು ವಿಚಾರಿಸಿ. ಅಂದಾಜಿನ ಮೇಲೆ ಸುಣ್ಣ ಸುರಿಯಬೇಡಿ.

ಠಾಣೆಯಿಂದ ಒಬ್ಬರು: ನಮ್ಮದು ಉತ್ತರಕ್ಕೆ ಬಾಲ್ಕನಿ. ಮೇ ತಿಂಗಳಲ್ಲಿ ಬಿಸಿಲು ಬಂತು, ಗಿಡ ತಂದೆ. ಈಗ ಬಿಸಿಲೇ ಇಲ್ಲ. ಯಾಕೆ?

ಮುಂಬಯಿ ಕರ್ಕಾಟಕ ವೃತ್ತದ ದಕ್ಷಿಣಕ್ಕಿದೆ. ಮೇ ನಡುವಿನಿಂದ ಜುಲೈ ಕೊನೆಯವರೆಗೆ ನಡುಮಧ್ಯಾಹ್ನದ ಸೂರ್ಯ ನಮಗೆ ತುಸು ಉತ್ತರದಲ್ಲಿರುತ್ತಾನೆ, ಆಮೇಲೆ ದಕ್ಷಿಣಕ್ಕೆ ಸರಿಯುತ್ತಾನೆ. ಇನ್ನು ಮುಂದಿನ ಬೇಸಿಗೆಯ ತನಕ ನಿಮ್ಮಲ್ಲಿ ನೇರ ಬಿಸಿಲು ಬಾರದು. ಪುದೀನ, ದೊಡ್ಡಪತ್ರೆ, ಕೆಸು ಇಡಿ. ಪತ್ರೊಡೆಗೆ ಎಲೆ ಸಿಕ್ಕರೂ ಸಂತೋಷವೇ ಅಲ್ಲವೇ? ದಕ್ಷಿಣ ಬಾಲ್ಕನಿಯವರಿಗೆ ಈಗಿನಿಂದ ಫೆಬ್ರವರಿವರೆಗೆ ಸುಗ್ಗಿ. ಟೊಮೆಟೊ ಸಸಿ ಮಾಡುವುದಿದ್ದರೆ ಇದೇ ತಿಂಗಳು ಮಾಡಿ, ರಾತ್ರಿ ತಂಪಿರುವಾಗಲೇ ಅದಕ್ಕೆ ಕಾಯಿ ಕಚ್ಚುವುದು.

ಅಂಧೇರಿಯಿಂದ ಒಬ್ಬ ಓದುಗಿ: ಉಳಿದ ಬೀಜ ಮುಂದಿನ ವರ್ಷಕ್ಕೆ ಇಡಬಹುದೇ?

ಮುಂಬಯಿಯ ತೇವ ಬೀಜದ ಶತ್ರು. ಕಾಗದದ ಕವರಿನಲ್ಲಿ ಹಾಕಿ ಹೆಸರು, ತಿಂಗಳು ಬರೆದು, ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿ ಇಡಿ. ತಳಕ್ಕೆ ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಪೊಟ್ಟಣ ಹಾಕಿ. ಬಾಟಲಿ ಫ್ರಿಜ್ಜಿನ ಕೆಳಗಿನ ಅರೆಯಲ್ಲಿರಲಿ, ಫ್ರೀಜರಿನಲ್ಲಿ ಬೇಡ. ಟೊಮೆಟೊ, ಬದನೆ ಬೀಜ ಹೀಗೆ ಮೂರು ನಾಲ್ಕು ವರ್ಷ ಬಾಳುತ್ತದೆ. ಬೆಂಡೆ ಎರಡು ವರ್ಷ. ಈರುಳ್ಳಿ ಬೀಜ ಮಾತ್ರ ಆ ವರ್ಷವೇ ಮುಗಿಸಿ. ಹೊರತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ. ಬಾಟಲಿಯ ತಂಪು ಹೋಗುವ ತನಕ ಒಂದೆರಡು ತಾಸು ಬಿಡಿ, ಇಲ್ಲದಿದ್ದರೆ ಹೊರಗಿನ ಗಾಳಿಯ ತೇವವೆಲ್ಲ ತಂಪಾದ ಬೀಜದ ಮೇಲೆ ಕೂರುತ್ತದೆ.